ವಾಸಪ್ಪನ ಭುಜದ ಪ್ರಸಾದ

ಪುರಾಣ ಹೇಳುವವರು ಕಥೆಗೆ ಇಳಿಯುವ ಮೊದಲು ನಾಯಕನ ಗುಣಗಳನ್ನು ಒಂದೊಂದಾಗಿ ಎಣಿಸುತ್ತಾರೆ. ನಮ್ಮ ಉದಯಕುಮಾರನ ವಿಷಯದಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಅವನಲ್ಲಿದ್ದ ಗುಣ ಒಂದೇ. ಎದುರಿಗಿದ್ದವರು ಏನೇ ಹೇಳಲಿ, ಅದು ತನಗೆ ಮೊದಲೇ ಗೊತ್ತಿತ್ತು ಎಂಬ ಮುಖ ಮಾಡಿಕೊಂಡು ಕೇಳುವುದು. ಧಾರವಾಡದಲ್ಲಿದ್ದಾಗ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅಲ್ಲಿ ಎಲ್ಲರದೂ ಅದೇ ಮುಖ. ಕೆನಡಾದ ವಿಟ್ಬಿಗೆ ಬಂದು ಮನೆ ಕೊಂಡ ಮೇಲೆ ಆ ಮುಖವನ್ನು ನಂಬುವ ಜನ ಸಿಕ್ಕರು. ಕಷ್ಟ ಅಲ್ಲಿಂದ ಶುರುವಾಯಿತು.

ಮೊದಲು ನಂಬಿದವರು ಪಕ್ಕದ ಮನೆಯ ವಾತ್ಸ್ಲಾವ್. ಚೆಕ್ ದೇಶದ ಹಿರಿಯರು, ಓಶವಾದ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅದು ೨೦೧೭ರ ಜುಲೈ. ಕೆನಡಾದ ನೂರೈವತ್ತನೇ ಹುಟ್ಟುಹಬ್ಬಕ್ಕೆಂದು ಕಟ್ಟಿದ ಬಾವುಟಗಳು ಇನ್ನೂ ಮನೆ ಮನೆಯ ಮುಂದೆ ಆಡುತ್ತಿದ್ದವು. ಉದಯಕುಮಾರ ಹಿತ್ತಲಿನ ಹುಲ್ಲು ಕತ್ತರಿಸುತ್ತಿದ್ದ. ವಾತ್ಸ್ಲಾವ್ ಬಲಗೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಬೇಲಿಯ ಹತ್ತಿರ ಬಂದು ನಿಂತರು. ಭುಜದ ಆಪರೇಷನ್ ಆಗಿತ್ತು.

“ಸೆಪ್ಟೆಂಬರಿನಲ್ಲಿ ನಮ್ಮ ಮದುವೆಗೆ ಐವತ್ತು ವರ್ಷ,” ಎಂದರು ತಮ್ಮ ಕಲ್ಲುಕಲ್ಲಾದ ಇಂಗ್ಲಿಷಿನಲ್ಲಿ. “ಪ್ರತಿ ವರ್ಷ ಮಿಲೇನಾಳಿಗೆ ಅವಳ ಅಪ್ಪ ಮಾಡುತ್ತಿದ್ದ ಬಿಯರು ನಾನು ಮಾಡುತ್ತೇನೆ. ಒಂದು ವರ್ಷವೂ ತಪ್ಪಿಲ್ಲ. ಈ ಸಲ ಪಾತ್ರೆ ಎತ್ತಲು ಭುಜ ಇಲ್ಲ. ಅವಳು, ಪರವಾಗಿಲ್ಲ, ಅಂಗಡಿಯಿಂದ ತರೋಣ ಅಂದಳು. ಅಂದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.”

“ಅಯ್ಯೋ,” ಎಂದ ಉದಯಕುಮಾರ.

“ಡಿಕಾಕ್ಷನ್ ವಿಧಾನ. ಗೊತ್ತಾ ನಿಮಗೆ?”

“ಗೊತ್ತು.”

ಅವನಿಗೆ ಗೊತ್ತಿದ್ದದ್ದು ಕಾಫಿಯದು. ಆದರೆ ಆ ಮುಖಕ್ಕೆ ಇಂಥ ಸಣ್ಣ ಭೇದಗಳಿಲ್ಲ. ವಾತ್ಸ್ಲಾವ್ ಸಂತೋಷದಿಂದ ವಿವರಿಸಿದರು. ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸಿ ಒಡೆದದ್ದು ಮಾಲ್ಟು. ಅದನ್ನು ಬಿಸಿ ನೀರಿನಲ್ಲಿ ನೆನೆಸಿದರೆ ಗಂಜಿಯಂಥ ಮ್ಯಾಶ್. ಮೊದಲು ಅದು ಐವತ್ತು ಡಿಗ್ರಿಯಲ್ಲಿ ಕೂರಬೇಕು, ಆಮೇಲೆ ಅರವತ್ತೈದಕ್ಕೆ ಏರಬೇಕು, ಆಗ ಸಿಹಿ ಬಿಡುತ್ತದೆ. ಆದರೆ ದೊಡ್ಡ ಪಾತ್ರೆಯ ಕೆಳಗೆ ಬೆಂಕಿ ಇಡುವಂತಿಲ್ಲ. ಅದರಿಂದ ಒಂದು ಪಾಲು ಹೊರಗೆ ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿ, ತಿರುಗಿ ತಂದು ಸುರಿಯಬೇಕು. ಎಷ್ಟು ಪಾಲು ತೆಗೆಯಬೇಕು ಎಂಬುದರಲ್ಲಿಯೇ ಎಲ್ಲ ಇದೆ.

“ಮಿಲೇನಾಳ ಅಪ್ಪ ಕಣ್ಣಳತೆಯಲ್ಲಿ ತೆಗೆಯುತ್ತಿದ್ದ. ಮೂರನೇ ಒಂದು. ನಾನೂ ಅಷ್ಟೇ.”

ಇಲ್ಲಿ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಉದಯಕುಮಾರ ಮಿಸಿಸಾಗದ ಒಂದು ಬಣ್ಣದ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ದಿನಾ ಎರಡು ಡಬ್ಬಿಗಳಲ್ಲಿರುವುದನ್ನು ಒಂದು ಡಬ್ಬಿಗೆ ಸುರಿದು ನೋಡುವುದೇ ಅವನ ಉದ್ಯೋಗ.

“ಮೂರನೇ ಒಂದಲ್ಲ,” ಎಂದ. “ಐವತ್ತರಿಂದ ಅರವತ್ತೈದು, ಏರಬೇಕಾದ್ದು ಹದಿನೈದು. ಐವತ್ತರಿಂದ ಕುದಿಯುವ ನೂರಕ್ಕೆ ಇರುವ ಅಂತರ ಐವತ್ತು. ಹದಿನೈದನ್ನು ಐವತ್ತರಿಂದ ಭಾಗಿಸಿ. ಹತ್ತರಲ್ಲಿ ಮೂರು ಪಾಲು. ನಿಮ್ಮದು ಒಟ್ಟು ಎಷ್ಟು ಲೀಟರು?”

“ಇಪ್ಪತ್ತನಾಲ್ಕು.”

“ಹಾಗಾದರೆ ಏಳು ಪಾಯಿಂಟ್ ಎರಡು.”

ಐವತ್ತು ವರ್ಷ ಕಣ್ಣಳತೆಯಲ್ಲಿ ಬದುಕಿದ ಮನುಷ್ಯನ ಮುಂದೆ ಒಬ್ಬ ದಶಾಂಶ ಬಿಂದು ಹಚ್ಚಿ ಮಾತಾಡಿದ್ದ. ವಾತ್ಸ್ಲಾವ್ ಒಳ್ಳೆಯ ಕೈಯನ್ನು ಬೇಲಿಯ ಮೇಲಿಂದ ಚಾಚಿ, “ನೀವೇ ಮಾಡಿಕೊಡಿ,” ಎಂದರು. “ಊರಿನಿಂದ ತಮ್ಮನ ಮಗ ತಂದ ಮಾಲ್ಟು ಇದೆ. ಒಂದು ಸಲಕ್ಕೆ ಮಾತ್ರ ಆಗುವಷ್ಟು. ನಿಮ್ಮ ಗರಾಜಿನಲ್ಲಿ ಮಾಡೋಣ. ಮಿಲೇನಾಳಿಗೆ ತಿಳಿಯಬಾರದು.”

“ಲೆಕ್ಕ ನನಗೆ ಬಿಡಿ,” ಎಂದ ಉದಯಕುಮಾರ. ಅವನು ಜನ್ಮದಲ್ಲಿ ಬಿಯರು ಮುಟ್ಟಿದವನಲ್ಲ.

ಅವನ ಹೆಂಡತಿ ದೀಪಶ್ರೀ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಜನ ಬಾಯಿ ತೆರೆದ ಕೂಡಲೇ ತೊಂದರೆ ಎಲ್ಲಿದೆ ಎಂದು ಅವಳಿಗೆ ತಿಳಿಯುತ್ತದೆ.

“ಬಿಯರು? ನಮ್ಮ ಗರಾಜಿನ್ಯಾಗ? ಅವ್ವ ಬಂದಿರೋ ಹೊತ್ತಿನ್ಯಾಗ?”

“ನಾ ಏನ್ ಕುಡಿಯಾಂವ ಅಲ್ಲಲ್ಲ. ಬರೇ ಲೆಕ್ಕಾ ಮಾಡಾಂವ.”

“ನಿಮ್ಮ ಲೆಕ್ಕಾ ನನಗ ಗೊತ್ತಿಲ್ಲೇನ್ರಿ? ಬೇಸ್‌ಮೆಂಟಿಗೆ ಬಣ್ಣಾ ಲೆಕ್ಕಾ ಮಾಡಿ ತಂದೀರಿ, ಮೂರು ಗ್ವಾಡಿಗೆ ಸಾಕಾತು, ನಾಕನೇದು ಹಂಗ ಉಳೀತು.”

“ಅವರ ಹೆಂಡತಿಗೆ ಗೊತ್ತಾಗಬಾರದು ಅಂತ ನಮ್ಮಲ್ಲಿ ಮಾಡಾಕತ್ತೇವಿ. ಪಾಪ, ಐವತ್ತನೇ ವರ್ಷ.”

ದೀಪಶ್ರೀ ಸ್ವಲ್ಪ ಕರಗಿದಳು. “ನಮ್ಮವ್ವಗೂ ಗೊತ್ತಾಗಬಾರದು. ಗೊತ್ತಾತಂದ್ರ ನಾ ನಿಮ್ಮ ಕಡೆ ಇಲ್ಲ, ಮೊದಲ ಹೇಳಿರತೀನಿ.”

ದೀಪಶ್ರೀಯ ತಾಯಿ ರುದ್ರವ್ವ ಬೈಲಹೊಂಗಲದವರು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಕಾಲಿಗೆ ಮಗಳು ಕೊಡಿಸಿದ ಬಿಳಿ ಸ್ನೀಕರು. ಅವರ ಸಂಸಾರ ಶಾಸ್ತ್ರ ಬಹಳ ಚಿಕ್ಕದು. ಒಲೆಯ ಮೇಲೆ ಕುದ್ದದ್ದು ಯಾವುದೇ ಇರಲಿ, ಮೊದಲು ಲಿಂಗಕ್ಕೆ ಎಡೆ, ಆಮೇಲೆ ಮನುಷ್ಯರಿಗೆ. ಎಡೆಯಾದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಹಂಚಬೇಕು, ಚೆಲ್ಲಬಾರದು. ಈ ಮನೆಯಲ್ಲಿ ಅವರು ಬಂದ ಮೇಲೆ ನೂಡಲ್ಸ್ ಕೂಡ ಪ್ರಸಾದವಾಗಿಯೇ ತಟ್ಟೆಗೆ ಬರುತ್ತಿತ್ತು.

ಶನಿವಾರ ಬಂತು. ದೀಪಶ್ರೀ ಶಿಫ್ಟಿಗೆ ಹೋಗಿದ್ದಳು. ಗರಾಜಿನಲ್ಲಿ ವಾತ್ಸ್ಲಾವರ ದೊಡ್ಡ ಸ್ಟೀಲ್ ಪಾತ್ರೆ, ಅದರೊಳಗೆ ಇಪ್ಪತ್ತನಾಲ್ಕು ಲೀಟರು ಮ್ಯಾಶ್, ಬಿಸಿ ಆರದಂತೆ ಅದಕ್ಕೆ ಸುತ್ತಿದ ಕೌದಿ. ವಾತ್ಸ್ಲಾವ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಎಡಗೈಯಲ್ಲಿ ಥರ್ಮಾಮೀಟರು ಹಿಡಿದು, ಜ್ವರದ ಮಗುವಿನ ಹತ್ತಿರ ಕೂತಂತೆ ಕೂತಿದ್ದರು. ಐವತ್ತು ಡಿಗ್ರಿ ಬಂತು. ಉದಯಕುಮಾರ ಅಳತೆಯ ಜಗ್ಗಿನಲ್ಲಿ ಏಳು ಪಾಯಿಂಟ್ ಎರಡು ಲೀಟರು ತೆಗೆದು, ಪಾತ್ರೆಗೆ ಹಾಕಿ, ಅಡುಗೆಮನೆಯ ಒಲೆಗೆ ಏರಿಸಿದ.

“ಏನ್ರಿ ಅಳಿಯಾರ ಇದು?” ಎಂದರು ರುದ್ರವ್ವ. ಪಾತ್ರೆಯಿಂದ ಸಿಹಿಯಾದ, ಹುರಿದ ಕಾಳಿನ ವಾಸನೆ ಏಳುತ್ತಿತ್ತು.

“ಜವಿಗೋದಿ ಗಂಜಿ, ಅತ್ಯಾರ. ವಾತ್ಸ್ಲಾವ್ ಅವರ ಭುಜದ ಸಲುವಾಗಿ.”

ಈ ವಾಕ್ಯವನ್ನು ಅವನು ಹಿಂದಿನ ದಿನ ನಾನೂರ ಒಂದನೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತು ಸಿದ್ಧಪಡಿಸಿದ್ದ. ಬಿಡಿಸಿ ನೋಡಿದರೆ ಅದರಲ್ಲಿ ಸುಳ್ಳೆಂದು ಬೊಟ್ಟು ಮಾಡುವಂಥ ಒಂದು ಶಬ್ದವೂ ಇಲ್ಲ.

“ಇಷ್ಟನಾ?”

“ಗರಾಜಿನ್ಯಾಗ ಇನ್ನೂ ಐತ್ರಿ. ದೊಡ್ಡ ಪಾತ್ರಿ.”

“ಅಷ್ಟು ಬ್ಯಾನಿ ಐತೇನ ಪಾಪ ವಾಸಪ್ಪಗ,” ಎಂದರು ರುದ್ರವ್ವ. ವಾತ್ಸ್ಲಾವ್ ಎಂಬ ಹೆಸರನ್ನು ಅವರು ಬಂದ ವಾರದಲ್ಲೇ ಬೈಲಹೊಂಗಲಕ್ಕೆ ಒಗ್ಗುವಂತೆ ಮಾಡಿಕೊಂಡಿದ್ದರು.

“ತಳ ಹತ್ತದಂಗ ತಿರುವ್ತೀರೇನ್ರಿ ಅತ್ಯಾರ? ಚೊಲೋತ್ನಾಗಿ ಕುದೀಲಿ. ಆಮ್ಯಾಲ ನಾ ಬಂದು ಒಯ್ತೀನಿ.”

“ಹೋಗ್ರಿ ಹೋಗ್ರಿ. ಗಂಜಿ ತಿರುವೋದು ನನಗ ಹೇಳಿಕೊಡಾಕ ಬರಬ್ಯಾಡ್ರಿ.”

ಉದಯಕುಮಾರ ನಿಶ್ಚಿಂತನಾಗಿ ಗರಾಜಿಗೆ ಬಂದ. “ಯಾರು ತಿರುವುತ್ತಿದ್ದಾರೆ?” ಎಂದು ವಾತ್ಸ್ಲಾವ್ ಕೇಳಿದರು. “ಎಕ್ಸ್‌ಪರ್ಟು,” ಎಂದ.

ಎಕ್ಸ್‌ಪರ್ಟು ಗಂಜಿಯನ್ನು ತಳ ಹತ್ತದಂತೆ ಕುದಿಸಿದರು. ಕುದ್ದ ಮೇಲೆ ಒಂದು ಬಟ್ಟಲಿಗೆ ತೋಡಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು, ವಾಸಪ್ಪನ ಭುಜ ನೆಟ್ಟಗಾಗಲಿ ಎಂದು ಬೇಡಿಕೊಂಡು ಎಡೆ ತೋರಿಸಿ, ಆ ಬಟ್ಟಲನ್ನು ತಿರುಗಿ ಪಾತ್ರೆಗೇ ಸುರಿದರು. ಆಮೇಲೆ ಫೋನು ಎತ್ತಿದರು. ವಿಟ್ಬಿಯ ಆ ಭಾಗದಲ್ಲಿ ಮಕ್ಕಳ ಮನೆಗೆ ಬಂದ ತಾಯಂದಿರು ಇನ್ನೂ ಮೂವರಿದ್ದರು. ಸಂಜೆ ಪಾರ್ಕಿನಲ್ಲಿ ಅವರೆಲ್ಲ ಸೀರೆ, ಸ್ನೀಕರುಗಳಲ್ಲಿ ಸಾಲಾಗಿ ನಡೆದರೆ ನಾಯಿಗಳೂ ದಾರಿ ಬಿಡುತ್ತಿದ್ದವು.

“ದಾನವ್ವಾ, ನಿಮ್ಮ ಮಗಗ ಮಣಕಾಲ ಬ್ಯಾನಿ ಅಂತಿದ್ದಿ ಹೌದಿಲ್ಲೋ? ನಮ್ಮ ಅಳಿಯಾರು ಔಷಧದ ಗಂಜಿ ಮಾಡ್ಯಾರ. ಎಡಿ ಆಗೈತಿ. ಡಬ್ಬಿ ತಗೊಂಡ ಬಾ.”

ಉದಯಕುಮಾರ ಅಡುಗೆಮನೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಕುದಿಯುತ್ತಿದ್ದ ಪಾತ್ರೆಯನ್ನು ಎತ್ತಿಕೊಂಡ. ಒಯ್ದಿಟ್ಟಾಗಿನಕ್ಕಿಂತ ಹಗುರ ಅನ್ನಿಸಿತು. ಜಿಮ್ಮಿಗೆ ಹೋಗತೊಡಗಿದ್ದು ಕೆಲಸ ಮಾಡುತ್ತಿದೆ ಎಂದುಕೊಂಡ. ಗರಾಜಿನಲ್ಲಿ ವಾತ್ಸ್ಲಾವ್ ಕೌದಿ ಸರಿಸಿದರು, ಅವನು ಸುರಿದ, ತಿರುವಿದ. ಇಬ್ಬರೂ ಥರ್ಮಾಮೀಟರಿನ ಮೇಲೆ ಬಗ್ಗಿದರು.

ಐವತ್ತೆಂಟು.

ಇನ್ನೊಮ್ಮೆ ತಿರುವಿದ. ಐವತ್ತೆಂಟು.

“ಮೂರನೇ ಒಂದು,” ಎಂದರು ವಾತ್ಸ್ಲಾವ್, ಮೆಲ್ಲಗೆ.

“ಲೆಕ್ಕ ತಪ್ಪಿಲ್ಲ.”

“ಐವತ್ತು ವರ್ಷ ಮೂರನೇ ಒಂದು.”

“ಲೆಕ್ಕ ತಪ್ಪಲಿಕ್ಕೆ ಸಾಧ್ಯವಿಲ್ಲ, ಸರ್.”

ಊರಿನಿಂದ ಬಂದ ಮಾಲ್ಟಿನ ಖಾಲಿ ಚೀಲ ಗೋಡೆಗೆ ಆನಿಸಿ ನಿಂತಿತ್ತು. ವಾತ್ಸ್ಲಾವ್ ಅದನ್ನು ಒಮ್ಮೆ ನೋಡಿದರು. ಅದು ಬೈದಿದ್ದಕ್ಕಿಂತ ಹೆಚ್ಚಾಯಿತು. ಉದಯಕುಮಾರ ಕಣ್ಣು ಮುಚ್ಚಿ ಲೆಕ್ಕವನ್ನು ಹಿಮ್ಮುಖವಾಗಿ ನಡೆಸಿದ. ಪಾತ್ರೆಯಲ್ಲಿ ಉಳಿದದ್ದು ಹದಿನಾರು ಪಾಯಿಂಟ್ ಎಂಟು ಲೀಟರು. ಅದು ಎಂಟು ಡಿಗ್ರಿ ಏರಿದೆ. ಕುದ್ದದ್ದು ನಲವತ್ತೆರಡು ಡಿಗ್ರಿ ಇಳಿದಿದೆ. ಹಾಗಾದರೆ ಒಳಗೆ ಬಿದ್ದದ್ದು ಮೂರು ಪಾಯಿಂಟ್ ಎರಡು. ಒಯ್ದದ್ದು ಏಳು ಪಾಯಿಂಟ್ ಎರಡು.

ಅವನು ಕಣ್ಣು ತೆರೆದ. “ನಾಲ್ಕು ಲೀಟರು ಕಳವಾಗಿದೆ,” ಎಂದ.

ಪತ್ತೆದಾರಿಕೆ ಬಹಳ ದೂರ ಹೋಗಬೇಕಾಗಲಿಲ್ಲ. ಮುಂದಿನ ಕೋಣೆಯ ಸೋಫಾದ ಮೇಲೆ ರುದ್ರವ್ವ, ದಾನವ್ವ, ಚನ್ನಬಸವ್ವ ಮತ್ತು ಈರವ್ವ ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಸ್ಟೀಲ್ ಲೋಟ. ಟೀಪಾಯಿಯ ಮೇಲೆ ಮುಚ್ಚಳ ಬಿಗಿದ ಡಬ್ಬಿಗಳು.

“ಎಂಥಾ ಸಿಹಿ ಐತ್ರಿ,” ಎಂದರು ದಾನವ್ವ, ಅವನನ್ನು ನೋಡಿ. “ಬೆಲ್ಲಾ ಹಾಕಿಲ್ಲಂತ, ಖರೇನ? ಇಂಥಾ ಅಳಿಯಾ ಎಲ್ಲಾರಿಗೂ ಸಿಗಬೇಕು ನೋಡ್ರವಾ. ಆಜೂಬಾಜೂದವರ ಭುಜಕ್ಕ ಗಂಜಿ ಕಾಸೋ ಗಂಡಸನ್ನ ನಾ ಇವತ್ತ ಕಂಡೆ.”

“ನಾ ಎರಡನೇ ಲೋಟ,” ಎಂದರು ಚನ್ನಬಸವ್ವ. “ಕೈ ಈಗ ಮ್ಯಾಲೆ ಏಳಾಕತ್ತೈತಿ.” ಎತ್ತಿ ತೋರಿಸಿದರು.

ಇದೇ ಸಮಯಕ್ಕೆ ದೀಪಶ್ರೀ ಶಿಫ್ಟು ಮುಗಿಸಿ ಬಾಗಿಲು ತೆರೆದಳು. ಮೂಗು ಏರಿಸಿದಳು. ಕೈಚೀಲ ಇಡುತ್ತ, ಯಾರ ಮುಖವನ್ನೂ ನೋಡದೆ, ದಣಿದವರ ದನಿಯಲ್ಲಿ ಹೇಳಿದಳು:

“ಬಿಯರ್ ಆತೇನ್ರಿ?”

ರುದ್ರವ್ವ ಲೋಟವನ್ನು ಟೀಪಾಯಿಯ ಮೇಲಿಟ್ಟರು.

“ಏನಂದಿ?” ಎಂದರು ರುದ್ರವ್ವ.

ಉದಯಕುಮಾರ ತನ್ನ ಮುಖವನ್ನು ಬಳಸಲು ನೋಡಿದ. ಅದು ಕೆಲಸ ಮಾಡಲಿಲ್ಲ. ನಡೆದದ್ದನ್ನೆಲ್ಲ ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ದಾನವ್ವ ಲೋಟವನ್ನು ತೋಳಿನಷ್ಟು ದೂರ ಹಿಡಿದಿದ್ದರು.

“ನಾ ಸೆರೆ ಕುಡದ್ನೇನವಾ? ಅರವತ್ತೆಂಟು ವರ್ಷ ಬದುಕಿ, ವಿಮಾನಾ ಹತ್ತಿ ಬಂದು, ಸೆರೆ ಕುಡದ್ನೇ?”

“ಇಲ್ರಿ,” ಎಂದ ಉದಯಕುಮಾರ. “ಇನ್ನೂ ಯೀಸ್ಟ್ ಹಾಕಿಲ್ಲ. ಈಗ ಅದು ಬರೇ ಸಿಹಿನೀರು.”

“ನನಗ ತಲಿ ತಿರಗಾಕತ್ತೈತಿ.”

“ಯೀಸ್ಟ್ ಇಲ್ದ ತಿರಗೋದಿಲ್ರಿ.”

“ನನ್ನ ತಲಿ ನನಗ ಗೊತ್ತಿಲ್ಲೇನಪಾ?” ಎಂದು ದಾನವ್ವ ಸೋಫಾಕ್ಕೆ ಒರಗಿದರು. ಚನ್ನಬಸವ್ವ ಎತ್ತಿದ್ದ ಕೈಯನ್ನು ಇಳಿಸಲು ಮರೆತಿದ್ದರು. ಈರವ್ವ ಮಾತ್ರ, ಹೇಗೂ ಆಗಿದ್ದು ಆಗಿದೆ ಎಂಬಂತೆ, ಲೋಟದಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು.

ರುದ್ರವ್ವ ಕೂಗಾಡಲಿಲ್ಲ. ಬಹಳ ಶಾಂತವಾಗಿ ಕೇಳಿದರು. “ಕುದ್ದದ್ದನ್ನ ಎಲ್ಲಿ ಹಾಕಿದ್ರಿ?”

“ದೊಡ್ಡ ಪಾತ್ರ್ಯಾಗ.”

“ಅಂದ್ರ ಅದೂ ಪ್ರಸಾದಾತು. ಪ್ರಸಾದಾನ ಸೆರೆ ಮಾಡಾಕ ಈ ಮನ್ಯಾಗ ನಾ ಬಿಡೂದಿಲ್ಲ.”

ಗರಾಜಿನ ಕಡೆಯಿಂದ ವಾತ್ಸ್ಲಾವರ ದನಿ ಬಂತು. “ಐವತ್ತೇಳು.”

ಮ್ಯಾಶ್ ಆರುತ್ತಿತ್ತು. ಐವತ್ತೆಂಟರಲ್ಲಿದ್ದಾಗ ಮೂರೂಕಾಲು ಲೀಟರು ಮತ್ತೆ ಕುದಿಸಿ ಹಾಕಿದ್ದರೆ ಸರಿಹೋಗುತ್ತಿತ್ತು. ಈಗ ಮೂರೂಮುಕ್ಕಾಲು ಬೇಕು. ಉದಯಕುಮಾರನಿಗೆ ಇದು ತನ್ನಷ್ಟಕ್ಕೆ ತಲೆಯಲ್ಲಿ ಓಡಿತು. ಒಲೆ ಹತ್ತು ಹೆಜ್ಜೆಯಲ್ಲಿತ್ತು. ರುದ್ರವ್ವ ಸೋಫಾದಿಂದ ಎದ್ದು ದಾರಿಗೆ ಅಡ್ಡ ನಿಂತಿದ್ದರು.

ಇಂಥ ಸಂದರ್ಭಗಳಿಗೆಂದೇ ಇರುವವರು ರಿಚ್ಮಂಡ್ ಹಿಲ್‌ನ ಡಾಕ್ಟರ್ ರಾಜಶೇಖರ. ಅರಿವಳಿಕೆ ತಜ್ಞರಾಗಿ ನಿವೃತ್ತರಾದವರು, ಕನ್ನಡ ಕೂಟದ ಹಿರಿಯರು, ಮೈಸೂರಿನವರು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಿಂದ ಹಿಡಿದು ಮೊಮ್ಮಕ್ಕಳ ಹೆಸರಿನವರೆಗೆ ಯಾರು ಏನು ಕೇಳಿದರೂ ತೀರ್ಪು ಕೊಡುತ್ತಿದ್ದರು. ದೀಪಶ್ರೀ ಫೋನನ್ನು ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲೆ, ಡಬ್ಬಿಗಳ ನಡುವೆ ಇಟ್ಟಳು.

“ನಿಧಾನವಾಗಿ ಹೇಳಪ್ಪ,” ಎಂದರು ಡಾಕ್ಟರು. “ಪ್ರಸಾದ ಎಷ್ಟಿದೆ?”

“ಇಪ್ಪತ್ತು ಲೀಟರಿನ್ಯಾಗ ಮೂರು ಪಾಯಿಂಟ್ ಎರಡು, ಸರ್.”

“ಅಂದರೆ ಹದಿನಾರು ಪರ್ಸೆಂಟು. ನೋಡಮ್ಮ ರುದ್ರವ್ವನವರೇ, ಯಾವುದಕ್ಕೇ ಆಗಲಿ ಡೋಸ್ ಅಂತ ಒಂದಿರುತ್ತೆ. ಹದಿನಾರು ಪರ್ಸೆಂಟಿಗೆ ಮನುಷ್ಯ ಮಲಗೋದಿಲ್ಲ, ಕಣ್ಣು ಬಿಟ್ಟುಕೊಂಡೇ ಇರ್ತಾನೆ. ನನ್ನ ಸರ್ವಿಸಿನಲ್ಲಿ ನೋಡಿದೀನಿ. ಮೂರೂಕಾಲು ಲೀಟರು ತೆಗೆದು ಪ್ರಸಾದ ಅಂತ ಹಂಚಿಬಿಡಿ. ಮಿಕ್ಕಿದ್ದು ಅವರಿಗೆ.”

“ಅಗದೀ ಬರೋಬ್ಬರಿ, ಸರ್,” ಎಂದ ಉದಯಕುಮಾರ.

“ಡಾಕ್ಟರ್ ಸಾಹೇಬ್ರ,” ಎಂದರು ರುದ್ರವ್ವ ಫೋನಿನ ಕಡೆ ಬಗ್ಗಿ, “ಒಂದ ಗಡಿಗಿ ಹಾಲಿಗೆ ಒಂದ ಚಮಚಾ ಹೆಪ್ಪ ಹಾಕ್ತೀವಿ. ಮುಂಜಾನೆ ನೋಡಿದ್ರ ಒಂದ ಚಮಚಾ ಅಷ್ಟ ಮೊಸರಾಗಿರತೈತೇನ್ರಿ?”

“ಐವತ್ತಾರು,” ಎಂದಿತು ಗರಾಜು.

“ನಾಲ್ಕು ಲೀಟರು,” ಎಂದು ಉದಯಕುಮಾರ ತನ್ನೊಳಗೆ ಹೇಳಿಕೊಂಡ.

“ಅಮ್ಮ ಹೇಳ್ತಿರೋದು,” ಎಂದರು ಡಾಕ್ಟರು ಕೊನೆಗೆ, “ಅರಿವಳಿಕೆಗೆ ಒಪ್ಪೋದಿಲ್ಲ. ಆದರೆ ಮೊಸರಿಗೆ ಒಪ್ಪುತ್ತೆ. ಬಿಯರು ಯಾವ ಕಡೆಗೆ ಸೇರುತ್ತೆ ಅನ್ನೋದು ಪ್ರಶ್ನೆ. ಅದಕ್ಕೂ ಏನೋ ಹೆಪ್ಪಿನ ಥರದ್ದೇ ಹಾಕ್ತಾರಂತಲ್ಲ?”

“ಯೀಸ್ಟ್, ಸರ್.”

“ಹಾಗಾದರೆ ಮೊಸರೇ. ನಾನು ನಿನ್ನ ಪರ ಮಾತಾಡೋಕೆ ಆಗೋದಿಲ್ಲ ಕಣಪ್ಪ. ಊಟಕ್ಕೆ ಕರೀತಿದಾರೆ.” ಫೋನು ಕಟ್ಟಾಯಿತು.

ಐವತ್ತೈದನ್ನು ವಾತ್ಸ್ಲಾವ್ ಗರಾಜಿನಿಂದ ಕೂಗಲಿಲ್ಲ. ತಾವೇ ಎದ್ದು ಬಂದು, ಬಾಗಿಲಲ್ಲಿ ಥರ್ಮಾಮೀಟರು ಹಿಡಿದು ನಿಂತು ಹೇಳಿದರು. ಸಾಲಾಗಿ ಕೂತ ಹೆಂಗಸರನ್ನು, ಲೋಟಗಳನ್ನು, ಡಬ್ಬಿಗಳನ್ನು ನೋಡಿದರು. ನಾಲ್ಕು ಲೀಟರು ಎಲ್ಲಿ ಹೋಯಿತೆಂದು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಯಾಕೆ ಹೋಯಿತೆಂಬುದನ್ನು ದೀಪಶ್ರೀ ಇಂಗ್ಲಿಷಿನಲ್ಲಿ ಹೇಳಿದಳು.

“ನನ್ನ ಭುಜಕ್ಕೆ?” ಎಂದರು ವಾತ್ಸ್ಲಾವ್. “ಪ್ರಾರ್ಥನೆ?”

“ಹೌದು, ಅಂಕಲ್.”

ಅವರು ಜೋಲಿಯೊಳಗಿನ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ರುದ್ರವ್ವನ ಕಡೆ ತಿರುಗಿ ತಲೆ ಬಗ್ಗಿಸಿದರು. “ದೇವರಿಗೆ ಕೊಟ್ಟಿದ್ದರೆ ದೇವರದು,” ಎಂದರು. “ನಾನು ತಿರುಗಿ ಕೇಳುವುದಿಲ್ಲ. ಮಿಲೇನಾ ಅಂಗಡಿಯದನ್ನೇ ತರೋಣ ಅಂದಿದ್ದಾಳೆ. ಐವತ್ತನೆಯದು ಒಂದು ತಪ್ಪಿತು, ಅಷ್ಟೇ.”

ರುದ್ರವ್ವ ಮಗಳ ಕಡೆ ನೋಡಿದರು. “ಏನಂತಾನ?”

ದೀಪಶ್ರೀ ಹೇಳಿದಳು. ಮಿಲೇನಾಳ ಅಪ್ಪನ ಬಿಯರು, ಪ್ರತಿ ವರ್ಷ ಇವರೇ ಮಾಡಿಕೊಟ್ಟದ್ದು, ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು, ಎಲ್ಲವನ್ನೂ.

“ಪ್ರತಿ ವರ್ಷ? ಇವನ ಮಾಡ್ಯಾನ? ಆಕಿ ಸಲುವಾಗಿ?”

“ಹೂಂ, ಅವ್ವಾ.”

“ನಿಮ್ಮಪ್ಪ,” ಎಂದರು ರುದ್ರವ್ವ, “ಒಂದ ದಿನಾ ಚಹಾ ಮಾಡಿ ಕೊಡಲಿಲ್ಲ.”

ಸೋಫಾದ ಮೇಲಿನ ಮೂವರೂ ತಮ್ಮ ತಮ್ಮ ಮನೆಯ ಲೆಕ್ಕ ನೋಡಿಕೊಂಡು ತಲೆದೂಗಿದರು. ದಾನವ್ವನ ಅಮಲು ಇಳಿಯಿತು.

ರುದ್ರವ್ವ ಕೂತರು. ಕಣ್ಣು ಮುಚ್ಚಿದರು. ಥರ್ಮಾಮೀಟರು ಯಾರಿಗೂ ಕಾಯುವುದಿಲ್ಲವೆಂದು ಉದಯಕುಮಾರನಿಗೆ ಹೇಳಬೇಕೆನಿಸಿತು. ದೀಪಶ್ರೀ ಅವನ ಕಾಲು ತುಳಿದಳು.

“ಎಡಿ ತೋರಿಸುವಾಗ ನಾ ಏನಂದೆ?” ಎಂದರು ರುದ್ರವ್ವ ಕಣ್ಣು ತೆರೆದು. “ವಾಸಪ್ಪನ ಭುಜ ನೆಟ್ಟಗಾಗಲಿ ಅಂದೆ. ಅವನ ಹೆಸರಲೆ ಬೇಡಿದ್ದು, ಅಂದಮ್ಯಾಲ ಪ್ರಸಾದ ಅವಂದು. ಮಂದೀಗೆ ಹಂಚಿದ್ದ ನನ್ನ ತಪ್ಪು. ಒಬ್ಬರ ಕೈಯಾಗ ಪ್ರಸಾದ ಕೊಟ್ಟಮ್ಯಾಲ, ಅವರು ಅದನ್ನ ಹೆಂಗ ತಗೋತಾರಂತ ಬೆನ್ನ ಹತ್ತಿ ಹೋಗೂದು ನನ್ನ ಕೆಲಸಲ್ಲ.”

“ಹಂಗಂದ್ರ ಅತ್ಯಾರ—”

“ನನ್ನ ಮಾತ ಮುಗದಿಲ್ಲ. ಏನರ ಆಗಲಿ, ಅದು ಪ್ರಸಾದನ. ಒಂದ ಹನಿ ಚೆಲ್ಲಬಾರದು. ಕುಡಿಯಾಂವ ಯಾಂವ ಆದ್ರೂ ಲೋಟದಾಗ ಬಿಡಬಾರದು. ಇಷ್ಟ ಒಪ್ಪತಾನೇನ ಕೇಳು.”

ದೀಪಶ್ರೀ ಕೇಳಿದಳು. ವಾತ್ಸ್ಲಾವ್ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು. ತಮ್ಮ ದೇಶದಲ್ಲಿ ಲೋಟದಲ್ಲಿ ಬಿಯರು ಬಿಡುವವನನ್ನು ಮನುಷ್ಯರಲ್ಲಿ ಎಣಿಸುವುದಿಲ್ಲ ಎಂದರು.

“ನಾಲ್ಕೂವರೆ ಲೀಟರು,” ಎಂದು ಉದಯಕುಮಾರ ಗರಾಜಿಗೆ ಓಡಿದ.

ಈ ಸಲ ಒಲೆಯ ಮುಂದೆ ರುದ್ರವ್ವನೇ ಸೌಟು ಹಿಡಿದು ನಿಂತರು, ಎರಡೂ ಕಡೆ ದಾನವ್ವ ಮತ್ತು ಚನ್ನಬಸವ್ವ ಕಾವಲು. ಮತ್ತೆ ಎಡೆ ತೋರಿಸುತ್ತೀರಾ ಎಂದು ಅಳಿಯ ಅಂಜುತ್ತ ಕೇಳಿದ್ದಕ್ಕೆ, ಒಮ್ಮೆ ಅರ್ಪಿಸಿದ್ದನ್ನು ಇನ್ನೊಮ್ಮೆ ಅರ್ಪಿಸಲು ದೇವರೇನು ಕಿವುಡನೇ ಎಂದರು. ಡಬ್ಬಿಗಳಲ್ಲಿದ್ದ ಗಂಜಿಯನ್ನು ಯಾರೂ ತಿರುಗಿ ಕೊಡಲಿಲ್ಲ. ಅದು ಮಣಕಾಲುಗಳ ಪಾಲಾಗಿತ್ತು. ಕುದ್ದದ್ದು ಮೆರವಣಿಗೆಯಲ್ಲಿ ಗರಾಜಿಗೆ ಹೋಯಿತು. ಉದಯಕುಮಾರ ಸುರಿದ, ವಾತ್ಸ್ಲಾವ್ ತಿರುವಿದರು, ಏಳು ತಲೆಗಳು ಥರ್ಮಾಮೀಟರಿನ ಮೇಲೆ ಬಗ್ಗಿದವು.

ಅರವತ್ತೈದು.

“ಲೆಕ್ಕ,” ಎಂದ ಉದಯಕುಮಾರ. ಯಾರೂ ಅವನ ಕಡೆ ನೋಡಲಿಲ್ಲ. ವಾತ್ಸ್ಲಾವ್ ರುದ್ರವ್ವನಿಗೆ ಕೈಮುಗಿಯಲು ನೋಡಿ, ಒಂದೇ ಕೈ ಇದ್ದುದರಿಂದ ಸೆಲ್ಯೂಟ್ ಹೊಡೆದರು.

ಸೆಪ್ಟೆಂಬರಿನ ಕೊನೆಯ ಶನಿವಾರ ವಿಟ್ಬಿಯ ಒಂದು ಚರ್ಚಿನ ಹಾಲಿನಲ್ಲಿ ಸಮಾರಂಭ. ಅರವತ್ತು ಜನ. ವಾತ್ಸ್ಲಾವರ ಜೋಲಿ ಹೋಗಿತ್ತು. ಇಪ್ಪತ್ತು ಲೀಟರಿನ ಪೀಪಾಯಿಯನ್ನು ತಾವೇ ಉರುಳಿಸಿಕೊಂಡು ಬಂದರು. ಮಿಲೇನಾ ಅದನ್ನು ನೋಡಿ ಮೊದಲು ಗಂಡನ ಭುಜದ ಮೇಲೆ ಕೈಯಿಟ್ಟರು, ಆಮೇಲೆ ಪೀಪಾಯಿಯ ಮೇಲೆ. ಮೊದಲ ಲೋಟ ಅವರಿಗೆ. ಒಂದು ಗುಟುಕು ಕುಡಿದು, ನಿಂತು, ಚೆಕ್ ಭಾಷೆಯಲ್ಲಿ ಏನೋ ಅಂದರು.

“ಅಪ್ಪನದು ಇದಕ್ಕಿಂತ ಕಹಿ ಇತ್ತು ಅಂತಾಳೆ,” ಎಂದರು ವಾತ್ಸ್ಲಾವ್, ಮುಖ ಅರಳಿಸಿ. “ಪ್ರತಿ ವರ್ಷ ಹೀಗೇ ಅನ್ನುತ್ತಾಳೆ.” ಮಿಲೇನಾ ಲೋಟ ಕೆಳಗಿಡದೆ ಕೊನೆಯವರೆಗೂ ಕುಡಿದು, ಇನ್ನೊಂದಕ್ಕೆ ಚಾಚಿದರು.

ಬೆನ್ನು ಹತ್ತಿ ಹೋಗುವುದು ತಮ್ಮ ಕೆಲಸವಲ್ಲ ಎಂದಿದ್ದ ರುದ್ರವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಬಂದವರು ಕೂರಲಿಲ್ಲ. ಟೇಬಲ್ಲಿನಿಂದ ಟೇಬಲ್ಲಿಗೆ ನಡೆದು ಪ್ರತಿ ಲೋಟವನ್ನೂ ಬಗ್ಗಿ ನೋಡಿದರು. ತಳದಲ್ಲಿ ಎರಡು ಬೆರಳು ಉಳಿದಿದ್ದರೆ ಅಲ್ಲೇ ನಿಂತು, ಈ ಕೆಲಸಕ್ಕೆಂದೇ ಕಲಿತು ಬಂದಿದ್ದ ಒಂದು ಇಂಗ್ಲಿಷ್ ಮಾತು ಹೇಳಿದರು.

“ಫಿನಿಶ್.”

ಚೆಕ್ ಜನ ಮೊದಲು ಬೆರಗಾದರು, ಆಮೇಲೆ ಕುಡಿದರು. ವಿಭೂತಿ ಹಚ್ಚಿದ ಹಣೆಯ ಮುಂದೆ ಇಲ್ಲ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಟೋಪಿ ಹಾಕಿದ ದಪ್ಪ ಮುದುಕರೊಬ್ಬರು ಅರ್ಧ ಲೋಟ ಬಿಟ್ಟು ಪಾರ್ಕಿಂಗ್ ಲಾಟಿನ ಕಡೆ ಹೊರಟಿದ್ದರು. ರುದ್ರವ್ವ ಲೋಟ ಹಿಡಿದು ಬಾಗಿಲವರೆಗೆ ಹಿಂಬಾಲಿಸಿದರು. “ಏ ತಮ್ಮಾ. ಫಿನಿಶ್.” ಮುದುಕರು ಟೋಪಿ ತೆಗೆದು, ನಿಂತು, ಮುಗಿಸಿದರು.

“ಕೆನಡಾಕ್ಕೆ ಬಂದಾಗಿನಿಂದ,” ಎಂದರು ಅವರು ವಾತ್ಸ್ಲಾವರಿಗೆ, ಮೀಸೆ ಒರೆಸಿಕೊಳ್ಳುತ್ತ, “ನಾನು ಕುಡಿದು ಮುಗಿಸಲಿ ಅಂತ ಇಷ್ಟು ಆಸ್ಥೆ ತೋರಿಸಿದವರನ್ನು ಕಾಣಲಿಲ್ಲ. ಯಾರು ಇವರು? ಹೋಟೆಲು ಇಟ್ಟಿದ್ದರೇ?”

“ಪಕ್ಕದ ಮನೆಯವರು,” ಎಂದರು ವಾತ್ಸ್ಲಾವ್. “ಕುಡಿಯುವುದಿಲ್ಲ.”

ರಾತ್ರಿಯೂಟ ಮುಗಿಯಿತು. ಕಾರು ಓಡಿಸುವವರು, ಮಕ್ಕಳನ್ನು ಮಲಗಿಸುವವರು ಒಬ್ಬೊಬ್ಬರಾಗಿ ಹೊರಟರು. ರುದ್ರವ್ವ ಪೀಪಾಯಿಯನ್ನು ಸ್ವಲ್ಪ ವಾಲಿಸಿ, ಅಲುಗಿಸಿ, ಕಿವಿಗೊಟ್ಟು ಕೇಳಿದರು.

“ಅಳಿಯಾರ, ಇನ್ನೂ ಎಷ್ಟ ಐತಿ?”

ಉದಯಕುಮಾರ ಬಂದು ಎತ್ತಿ ನೋಡಿದ. “ಮೂರು ಲೀಟರ್ ಇರಬಹುದ್ರಿ.”

“ಕುಡಿಯೋ ಮಂದಿ ಎಷ್ಟ ಉಳದಾರ?”

ಅವನು ಎಣಿಸಿದ. “ಹನ್ನೊಂದು ಮಂದಿ, ಅತ್ಯಾರ.”

“ನಿಮ್ಮನ್ನ ಹಿಡದೋ, ಬಿಟ್ಟೋ?”

“ಬಿಟ್ಟು.”

ರುದ್ರವ್ವ ಅವನನ್ನು ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. “ಗಾಡಿ ಇವತ್ತ ನೀ ಹೊಡಿ,” ಎಂದು ಹೇಳಿ, ಮತ್ತೆ ಅವನ ಕಡೆ ಬಂದರು.

“ಹಿಡದ ಲೆಕ್ಕಾ ಮಾಡ್ರಿ.”

ಉದಯಕುಮಾರ ಮೂರನ್ನು ಹನ್ನೆರಡರಿಂದ ಭಾಗಿಸಿದ. ತಲೆಗೆ ಕಾಲು ಲೀಟರು. ಶೇಷವಿಲ್ಲದೆ ಬಂತು.